ಹೆಸರು ಹೇಳಿ ಒಳಗೆ ಬನ್ನಿ

ಹನುಮವ್ವನ ಮಗಳು ಮಲ್ಲಕ್ಕ ಏನು ಮಾಡುತ್ತಾಳೆಂದು ಕೇಳಿದರೆ ಮುಂಬಯಿ ಸಯನ್ನಿನ ಅವರ ಬಿಲ್ಡಿಂಗಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬಣ್ಣ ಬಳಿಯುತ್ತಾಳೆ ಎಂದು ಎದುರು ಮನೆಯವರು. ಕುಣಿಯುತ್ತಾಳೆ ಎಂದು ಕೆಳಗಿನ ಮನೆಯವರು. ಕೆಳಗಿನವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಅವರ ಸೂರೇ ಅದುರುತ್ತಿತ್ತು. ಕನ್ನಡ ಸಂಘದ ಅಧ್ಯಕ್ಷ ಬಸವಂತರಾಯರು ಅವಳ ಪ್ರದರ್ಶನಕ್ಕೆ ವಿಲೆ ಪಾರ್ಲೆಯ ಹಾಲ್ ಕೊಡುವಾಗ ತಲೆ ಕೆರೆದುಕೊಂಡರು.

"ಇದು ನಾಟಕಾನೋ, ಸಂಗೀತಾನೋ, ಚಿತ್ರಾನೋ? ಒಂದು ಹೇಳಬೇ ತಂಗಿ, ಬೋರ್ಡ್ ಬರಸಬೇಕು."

"ಎಲ್ಲಾ ಕೂಡೇ ಐತ್ರಿ ರಾಯರ."

"ಹಂಗಾರ ಎಲ್ಲಾ ಕಲಸಿದ ಮಿಸಳ್ ಅಂತ ಬರಸ್ತೀನಿ ತಗೋ."

ಪುಣ್ಯಕ್ಕೆ ಬರೆಸಲಿಲ್ಲ. ಎಪ್ಪತ್ನಾಲ್ಕರ ಆ ಚಳಿಗಾಲದಲ್ಲಿ ಮಲ್ಲಕ್ಕ ಹಾಲಿನ ಬಾಗಿಲಿಗೆ ಮರದ ದೊಡ್ಡ ಚೌಕಟ್ಟು ನಿಲ್ಲಿಸಿ, ಅದರ ತುಂಬ ಚಿತ್ರ ಬರೆದಳು. ಒಳಗೆ ಎರವಲು ತಂದ ಟೇಪ್ ರಿಕಾರ್ಡರು. ಅದರಲ್ಲಿ ಭಾಂಡುಪ್ ಚಾಳಿನ ಹೆಂಗಸರು ಹೇಳಿದ ಒಡಪುಗಳು. ಅವುಗಳ ಲಯಕ್ಕೆ ಅವಳ ಕುಣಿತ. ಅವರೆಲ್ಲರ ಊರಾದ ಬಿಜಾಪುರದ ಕಡೆ ಗಂಡನ ಹೆಸರನ್ನು ಸುಮ್ಮಸುಮ್ಮನೆ ಹೇಳುವ ಹಾಗಿಲ್ಲ. ಮದುವೆಯಾಗಿ ಬಂದ ಜೋಡಿಯನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಪ್ರಾಸ ಕೂಡಿಸಿ, ಎರಡು ಸಾಲಿನ ಒಡಪಿನಲ್ಲಿ ಒಬ್ಬರು ಇನ್ನೊಬ್ಬರ ಹೆಸರು ಹೇಳಿದರೆ ಮಾತ್ರ ಒಳಗೆ ಪ್ರವೇಶ.

ಇಷ್ಟೆಲ್ಲ ಹಾರಾಟ ಯಾಕೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಮಲ್ಲಕ್ಕನಿಗೆ ನೆನಪು ಕೂಡುವ ಮೊದಲೇ ಅಪ್ಪ ತೀರಿಕೊಂಡಿದ್ದ. ಉಳಿದದ್ದು ಅವನು ದುಡಿಯುತ್ತಿದ್ದ ಕಾರ್ಖಾನೆಯವರು ತೆಗೆಸಿದ ಒಂದು ಫೋಟೋ. ಅದರಲ್ಲಿ ಅವನು ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಕಣ್ಣು ಬಿಟ್ಟುಕೊಂಡಿದ್ದ. ಇವನ ಮಗಳು ತಾನು ಎಂದರೆ ಅವಳಿಗೇ ನಂಬಿಕೆ ಬರುತ್ತಿರಲಿಲ್ಲ. ಅವ್ವನ ಬಾಯಲ್ಲಿ ಒಂದೇ ಒಂದು ಸಲ ಅಪ್ಪನ ಹೆಸರು ಕೇಳಬೇಕು ಎಂಬುದೇ ಅವಳ ಆಸೆ. ಆದರೆ ಗಂಡ ಸತ್ತವಳನ್ನು ಯಾರೂ ಒಡಪು ಕೇಳುವುದಿಲ್ಲ. ಮಗಳು ಮುಂದೆ ಮೈಕು ಹಿಡಿದಾಗಲೆಲ್ಲ ಹನುಮವ್ವ ಸೆರಗು ಕೊಡವಿ ಎದ್ದುಬಿಡುತ್ತಿದ್ದಳು.

"ಅವು ಮುತ್ತೈದೇರು ಹೇಳೋವು. ನನಗ ಮರತಾವ, ಬಿಡ ಮಲ್ಲಿ."

ಉದ್ಘಾಟನೆಯ ಸಂಜೆ ಭಾಂಡುಪಿನಿಂದ ಹೆಂಗಸರು ಇಳಕಲ್ ಸೀರೆಯುಟ್ಟು ದಂಡು ಕಟ್ಟಿಕೊಂಡು ಬಂದರು. ಮುಂದಾಳು ಶರಣವ್ವ. "ಒಡಪು ಹೇಳದವ್ರನ್ನ ಯಾರನ್ನೂ ಒಳಗ ಬಿಡಬ್ಯಾಡ್ರಿ," ಎಂದು ಮಲ್ಲಕ್ಕ ಹೇಳಿದ್ದೇ ತಪ್ಪಾಯಿತು. ಅದೊಂದು ಆಟ, ಎರಡು ನಿಮಿಷದ ತಮಾಷೆ ಎಂದು ಅವಳ ಎಣಿಕೆ. ಬಾಗಿಲು ತಡೆಯುವುದರಲ್ಲಿ ತಮಾಷೆ ಎಂಥದು? ಶರಣವ್ವ ಬಾಗಿಲಿಗೆ ಅಡ್ಡ ಕಾಲು ಕೊಟ್ಟು ನಿಂತಳು. ಪತ್ರಿಕೆಯವರು ಹೊರಗೆ, ಕಾಲೇಜಿನ ಪ್ರೊಫೆಸರರು ಹೊರಗೆ, ಉದ್ಘಾಟನೆ ಮಾಡಬೇಕಾದ ಬಸವಂತರಾಯರೂ ಹೊರಗೆ! ಒಳಗೆ ಗೆಜ್ಜೆ ಕಟ್ಟಿಕೊಂಡ ಮಲ್ಲಕ್ಕ ಒಬ್ಬಳೇ. ಅವಳಿಗೆ ಗಾಬರಿಯಾಗಬೇಕಿತ್ತು, ಆದರೆ ಹೊಟ್ಟೆಯಿಂದ ನಗು ಉಕ್ಕಿ ಬರುತ್ತಿತ್ತು.

"ರುಕ್ಮಿಣಿಬಾಯಿ," ಎಂದು ಹೆಂಡತಿಯ ಹೆಸರು ಹೇಳಿದರು ರಾಯರು, ಟಿಕೆಟ್ ತೋರಿಸುವವರಂತೆ.

"ಹಂಗ ನಡ್ಯಾಂಗಿಲ್ರಿ ಸಾಹೇಬ್ರ. ಒಡಪು ಕಟ್ಟಿ ಹೇಳ್ರಿ," ಎಂದಳು ಶರಣವ್ವ.

ರಾಯರು ಹೆಂಡತಿಯನ್ನು ಇಷ್ಟು ವರ್ಷ 'ಏ, ಕೇಳಿಲ್ಲೆ' ಎಂದಷ್ಟೇ ಕರೆದವರು. ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು, ಬೆವರು ಒರೆಸಿಕೊಂಡು ಕೊನೆಗೂ ಹೊರಡಿಸಿದರು:

"ಬಟಾಟೆ ವಡಾ ಗರಂ, ಚಹಾ ಮಾತ್ರ ಠಂಡಾ,
ರುಕ್ಮಿಣಿಬಾಯಿ ನನ್ನ ಹೆಂಡತಿ, ನಾನು ಅಕೀ ಗಂಡಾ!"

ಹಾಲ್ ಹಾರಿಹೋಗುವಷ್ಟು ನಗು. ರುಕ್ಮಿಣಿಬಾಯಿ ಹಿಂದಿನಿಂದ ಅವರ ಕೋಟು ಜಗ್ಗಿ, "ಇನ್ನೊಮ್ಮೆ ಹೇಳ್ರಲಾ," ಎಂದರು. ಅಲ್ಲಿಗೆ ಎಲ್ಲರಿಗೂ ಹುಚ್ಚು ಹಿಡಿಯಿತು. ಪ್ರೊಫೆಸರರು ಗೋಡೆಗೆ ಮುಖ ಮಾಡಿ ಪ್ರಾಸ ಹುಡುಕತೊಡಗಿದರು. ಇನ್ನೂ ಮದುವೆಯಾಗದ ಪತ್ರಿಕೆಯವನೊಬ್ಬ ಯಾರ ಹೆಸರು ಹೇಳಲಿ ಎಂದು ಕೈಮುಗಿದು ಕೇಳುತ್ತಿದ್ದ.

ಆ ಗದ್ದಲದಲ್ಲಿ ಹನುಮವ್ವ ಬಂದಳು. ದಾದರಿನಲ್ಲಿ ಲೋಕಲ್ ರೈಲು ತಪ್ಪಿತ್ತು. ಬಂದವರಿಗೆ ಕೊಡಲೆಂದು ಮಂಡಕ್ಕಿ ಸೂಸಲ ತುಂಬಿದ ಡಬ್ಬಿ ಬಗಲಲ್ಲಿತ್ತು. ಅವಳನ್ನು ಕಂಡದ್ದೇ ಹೆಂಗಸರ ನಗು ನಿಂತಿತು. ಶರಣವ್ವ ಕಾಲು ತೆಗೆದಳು, ಉಳಿದವರು ಪಕ್ಕಕ್ಕೆ ಸರಿದರು.

"ಬಾ ಯಕ್ಕಾ, ಒಳಗ ಹೋಗು. ನಿನಗೇನ ಇಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೂ ಮಲ್ಲಕ್ಕನಿಗೆ ಅದು ಚುಚ್ಚಿತು. ಇಡೀ ಮುಂಬಯಿಯನ್ನು ತಡೆದು ನಿಲ್ಲಿಸಿದ ಬಾಗಿಲು ತನ್ನ ಅವ್ವನಿಗೆ ಮಾತ್ರ ಹೀಗೆ ತೆರೆದುಕೊಂಡಿತ್ತು. ಅದನ್ನು ಕಟ್ಟಿದವಳು ತಾನೇ. ಕಣ್ಣು ತುಂಬಿ ಬಂದು, ಚೌಕಟ್ಟನ್ನೇ ಕಿತ್ತು ಒಗೆಯಬೇಕು ಎನ್ನಿಸಿತು.

ಹನುಮವ್ವ ಒಳಗೆ ಬರಲಿಲ್ಲ. ಬಗಲಲ್ಲಿದ್ದ ಡಬ್ಬಿಯನ್ನು ರಾಯರ ಕೈಗೆ ಕೊಟ್ಟಳು.

"ಯಾಕ ಸರಿದ್ರಿ?" ಎಂದು ಶರಣವ್ವನನ್ನು ಕೇಳಿದಳು. "ಈ ಸಾಹೇಬ್ರನ್ನ ಕೇಳಿದ್ರಿ, ಆ ಹುಡುಗನ್ನ ಕೇಳಿದ್ರಿ. ನನಗೇನು ಗಂಡ ಇರಲಿಲ್ಲೇನು? ಅಡ್ಡ ನಿಂದ್ರಬೇ!"

ಶರಣವ್ವ ತಬ್ಬಿಬ್ಬಾಗಿ ಅಡ್ಡ ನಿಂತಳು. ಹನುಮವ್ವ ಗಂಟಲು ಸರಿಮಾಡಿಕೊಂಡಳು.

"ಬಿಸಿ ಹೋಳಿಗಿ ಮ್ಯಾಗ ಕಾಸಿದ ತುಪ್ಪ,
ಹತ್ತು ಸಲ ಕೂಗಿದ್ರ ಒಮ್ಮೆ ಓ ಅಂತಿದ್ರು ನಮ್ಮ ಗದಿಗೆಪ್ಪ!"

ಶರಣವ್ವ ಹೋ ಎಂದು ಚಪ್ಪಾಳೆ ತಟ್ಟಿದಳು, ಚಾಳಿಗೆ ಚಾಳೇ ಕೇಕೆ ಹಾಕಿತು. "ಬಾ ಯಕ್ಕಾ, ಗೆದ್ದಿ, ಒಳಗ ಬಾ!" ಎಂದು ಕೈಹಿಡಿದು ಎಳೆದರೂ ಹನುಮವ್ವ ಬಿಡಿಸಿಕೊಂಡಳು. ಅವಳ ಮುಖ ಕೆಂಪಗಾಗಿತ್ತು.

"ಪಗಾರದ ದಿನ ಕೂಗಾಡ್ಕೋತ ಬರ್ತಿದ್ರು, ಇರ್ತಿರಲಿಲ್ಲ ಗಪ್ಪ,
ಮಲ್ಲಿನ್ನ ಹೆಗಲ ಮ್ಯಾಲ ಕೂಡ್ರಿಸ್ಕೊಂಡು ಕುಣೀತಿದ್ರು ನಮ್ಮ ಗದಿಗೆಪ್ಪ!"

ಮಲ್ಲಕ್ಕನ ಕಾಲ ಗೆಜ್ಜೆ ತಾನಾಗಿಯೇ ಒಮ್ಮೆ ಘಲ್ಲೆಂದಿತು. ಕುಣಿಯುತ್ತಿದ್ದನೇ! ಫೋಟೋದಲ್ಲಿ ಕಣ್ಣು ಬಿಟ್ಟುಕೊಂಡಿದ್ದ ಆ ಮನುಷ್ಯ, ತನ್ನನ್ನು ಹೊತ್ತುಕೊಂಡು! ನಗುವೋ ಅಳುವೋ ತಿಳಿಯದೆ ಅವಳು ಬಾಗಿಲಿಗೆ ಓಡಿಬಂದು ಅವ್ವನ ಕೈ ಹಿಡಿದಳು.

"ಅವ್ವಾ, ಒಳಗ ಬಾ."

"ತಡಿಯಬೇ," ಎಂದಳು ಹನುಮವ್ವ, ಮಗಳ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದು. "ಇನ್ನೂ ಭಾಳ ಅದಾವ."