ಮಾತ್ರೆ ಕರಗುವಷ್ಟು ಹೊತ್ತು

"ಶ್ರಾವಣದಲ್ಲೇ ಮಾಡ್ಬುಡಾಣ ಮಹಾಲಿಂಗಯ್ನೋರೇ. ಓದು ಇಷ್ಟಕ್ಕೇ ಸಾಕು. ನಮ್ಮನೇಲಿ ಹೆಣ್ಮಕ್ಳು ಕೆಲ್ಸಕ್ಕೆ ಹೋಗ್ಬೇಕಾದ್ದೇನಿಲ್ಲ ಬುಡಿ," ಎಂದು ಕುಣಿಗಲ್ಲಿನ ಚನ್ನವೀರಯ್ಯ ಸೋಫಾಕ್ಕೆ ಒರಗಿದರು. ಹೆಣ್ಣು ನೋಡಲು ಬಂದಿದ್ದ ಅವರ ಮಗ ಕಿರಣ್‌ಕುಮಾರ್ ತನ್ನ ಸಾಕ್ಸನ್ನೇ ನೋಡುತ್ತಾ ಕೂತಿದ್ದ.

ಮಹಾಲಿಂಗಯ್ಯನವರಿಗೆ ಎದೆ ಹಿಡಿದುಕೊಂಡಿತು. ಡಿ.ಫಾರ್ಮಾ ಮುಗಿಯಲು ಇನ್ನೂ ಒಂದು ವರ್ಷವಿದೆ, ಅಲ್ಲಿಯವರೆಗೆ ಮದುವೆ ಬೇಡ ಎಂದು ತಾವೇ ಹೇಳುವುದಾಗಿ ಬೆಳಿಗ್ಗೆ ತಾನೇ ಮಗಳು ಸಿಂಚನಾಗೆ ಮಾತು ಕೊಟ್ಟಿದ್ದರು. ಆದರೆ 'ಇಲ್ಲ' ಎನ್ನುವುದು ಮಹಾಲಿಂಗಯ್ಯನವರಿಗೆ ಹುಟ್ಟಿದಾಗಿನಿಂದ ಬಾರದು. ತಮ್ಮ ಗುಬ್ಬಿಯ ಬಟ್ಟೆ ಅಂಗಡಿಗೆ, ಉಟ್ಟು ಒಗೆದ ಸೀರೆಯನ್ನು ವಾಪಸು ತಂದವರಿಗೂ 'ಆಯ್ತು ಬುಡಿ' ಎಂದಿದ್ದ ಪುಣ್ಯಾತ್ಮ. ಅದೇ ಎರಡು ಪದ ಈಗಲೂ ಗಂಟಲಿಗೆ ಬಂದು ಕೂತಿದ್ದವು.

ಅಪ್ಪನ ಹಣೆಯ ಬೆವರನ್ನು ಅಡುಗೆಮನೆಯ ಬಾಗಿಲಿಂದಲೇ ಕಂಡ ಸಿಂಚನಾ ಓಡಿಬಂದಳು.

"ಏಳ್ಬೇಡಿ ಅಪ್ಪಾಜಿ, ನಿಂತ್ರೆ ತಲೆ ತಿರುಗುತ್ತೆ. ನಾಲಿಗೆ ಎತ್ತಿ." ಪುಟ್ಟ ಮಾತ್ರೆಯೊಂದನ್ನು ನಾಲಿಗೆಯಡಿ ಇಟ್ಟಳು. "ನುಂಗ್ಬೇಡಿ. ಮಾತಾಡ್ಬೇಡಿ. ಕರಗ್ಲಿ."

"ಆಸ್ಪತ್ರೆಗೆ ಹೋಗಾಣ್ವೇನೇ?" ಎಂದರು ಅವಳ ತಾಯಿ ಗಂಗಾಂಬಿಕೆ, ಗಂಡನ ಬೆನ್ನು ಸವರುತ್ತಾ.

"ಐದು ನಿಮಿಷ ನೋಡಾಣಮ್ಮ. ಕಮ್ಮಿ ಆಗ್ಲಿಲ್ಲ ಅಂದ್ರೆ ಆಟೋ ತರ್ತೀನಿ."

ಮಹಾಲಿಂಗಯ್ಯ ಕಣ್ಣು ಮುಚ್ಚಿದರು. ಎದೆನೋವಿಗೆ ಈ ಮಾತ್ರೆ ಬರೆದುಕೊಟ್ಟ ಬಟವಾಡಿಯ ಡಾಕ್ಟರು ಕಿಟಕಿಯಾಚೆ ಕೈ ತೋರಿಸಿ ಹೇಳಿದ್ದು ನೆನಪಾಯಿತು: "ಹೈವೇ ಅಗಲ ಮಾಡ್ತಿದಾರಲ್ಲ, ಇದೂ ಹಂಗೇ. ರಕ್ತನಾಳ ಅಗಲ ಆಗುತ್ತೆ, ಹೃದಯಕ್ಕೆ ಭಾರ ಕಮ್ಮಿಯಾಗುತ್ತೆ."

ಕೆನ್ನೆ ಬೆಚ್ಚಗಾಯಿತು. ತಲೆಯೊಳಗೆ ನಾಡಿ ದಬದಬ ಬಡಿಯಿತು. ಶೆಟ್ಟಿಹಳ್ಳಿಯ ಮನೆಯ ಆ ಸಣ್ಣ ಹಾಲ್ ನಿಧಾನವಾಗಿ ದೊಡ್ಡದಾಗುತ್ತಾ ಹೋಯಿತು. ಎಲ್ಲರ ಮಾತೂ ಕೆರೆಯ ಆಚೆ ದಡದಿಂದ ಕೇಳಿಸಿದ ಹಾಗಿತ್ತು. ಅಂಗಡಿಯ ಬಟ್ಟೆಯ ಥಾನುಗಳು ತಾವಾಗಿಯೇ ಬಿಚ್ಚಿಕೊಂಡು ಹೊಸ ರಸ್ತೆಯ ಉದ್ದಕ್ಕೂ ಹಾಸಿಕೊಂಡವು. ಹಸಿರು, ಕೆಂಪು, ನವಿಲುಬಣ್ಣ. ಅವುಗಳ ಮೇಲೆ ಎರಡು ಜಡೆಯ ಪುಟ್ಟ ಸಿಂಚನಾ ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು, ತಿರುಗಿ ನೋಡದೆ. ಎಂಥ ಹಿತ! ನೋವು ಯಾವಾಗ ಹೋಯಿತೋ ತಿಳಿಯಲೇ ಇಲ್ಲ.

"ಈಗ ಹೆಂಗೈತೆ?" ಚನ್ನವೀರಯ್ಯನ ದನಿ. ಪರವಾಗಿಲ್ಲ ಎಂದು ಇವರು ತಲೆಯಾಡಿಸಿದರು. "ಹಂಗಾದ್ರೆ ಶ್ರಾವಣ ಅಂತಲೇ ಇಟ್ಕಳಾಣ್ವಾ?"

"ಅವ್ರದ್ದೇನಿದೆ, ಒಪ್ಪಿದಂಗೇ..." ಎಂದು ಗಂಗಾಂಬಿಕೆ ಮಾತು ಮುಗಿಸುವಷ್ಟರಲ್ಲಿ ಸಿಂಚನಾ ತಡೆದಳು.

"ಅಪ್ಪಾಜಿ ಬಾಯಲ್ಲಿ ಮಾತ್ರೆ ಇದೆ. ನಾನೇ ಹೇಳ್ತೀನಿ. ನಾನು ಓದು ಮುಗಿಸ್ಬೇಕು, ಕೆಲ್ಸಕ್ಕೂ ಹೋಗ್ಬೇಕು. ಒಂದು ವರ್ಷ ಕಾಯೋ ಹಂಗಿದ್ರೆ ಕಾಯಿರಿ. ಇಲ್ಲಾಂದ್ರೆ ಬೇಡ."

ಚನ್ನವೀರಯ್ಯನ ಮುಖ ಕಪ್ಪಿಟ್ಟಿತು. "ಏನ್ಸ್ವಾಮಿ, ಇದು ನಿಮ್ ಮಾತೋ, ಮಗಳ ಮಾತೋ? ನೀವೇ ಹೇಳ್ಬುಡಿ."

ಎಲ್ಲರೂ ಮಹಾಲಿಂಗಯ್ಯನವರ ಕಡೆ ತಿರುಗಿದರು. ಮಾತ್ರೆ ಆಗಲೇ ಕರಗಿ ಹೋಗಿತ್ತು. ನಾಲಿಗೆಯಡಿ ಒಂದು ಚೂರೂ ಉಳಿದಿರಲಿಲ್ಲ. 'ಆಯ್ತು ಬುಡಿ' ಎಂಬುದು ಹಲ್ಲಿನವರೆಗೆ ಬಂದಿತ್ತು. ತಾವು ಆಡಬೇಕಿದ್ದ ಮಾತನ್ನು ಆಡಿ ನಿಂತಿರುವ ಮಗಳನ್ನು ನೋಡಿ ಅವರಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ತುಟಿಯನ್ನು ಬಿಗಿಯಾಗಿ ಮುಚ್ಚಿ, ಬೆರಳಿನಿಂದ ಬಾಯಿ ತೋರಿಸಿದರು. ಆಮೇಲೆ ಅದೇ ಬೆರಳಿನಿಂದ ಮಗಳನ್ನು ತೋರಿಸಿದರು.

ಆ ಮಾತ್ರೆ ಎಷ್ಟು ಹೊತ್ತಿನಲ್ಲಿ ಕರಗುತ್ತದೆಂದು ಸಿಂಚನಾಳಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ಅವಳು ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು.

"ಇನ್ನೂ ಕರಗಿಲ್ಲ," ಎಂದು ಬಂದವರಿಗೆ ಹೇಳಿ, ಅವರ ಮುಂದಿದ್ದ ತಟ್ಟೆ ಲೋಟಗಳನ್ನು ಒಂದೊಂದಾಗಿ ಎತ್ತತೊಡಗಿದಳು.