ಸಾಲು ತಪ್ಪಿದ ದೀಪ

ಮಂಜಿನೊಳಗಿಂದ ಬಂದ ಸದ್ದು ಏನೆಂದು ಶಿವಪುತ್ರಪ್ಪನಿಗೆ ಮೊದಲು ತಿಳಿಯಲಿಲ್ಲ. ತಗಡಿನ ಛಾವಣಿಯ ಮೇಲೆ ಬಂಡೆ ಉರುಳಿದ ಹಾಗೆ ಕೇಳಿಸಿತು. ಯಾರೋ ಇಂಗ್ಲಿಷಿನಲ್ಲಿ ಚೀರಿದರು. ಆಮೇಲೆ ಏನೂ ಇಲ್ಲ.

ಅವನು ಓಡಿದ. ಎರಡು ವಿಮಾನ. ಹಿಂದಿನದರ ತಿರುಗುವ ಪಂಖ ಮುಂದಿನದರ ಬಾಲವನ್ನು ಕಬ್ಬು ಕೊಚ್ಚಿದಂತೆ ಕೊಚ್ಚಿ ಹಾಕಿತ್ತು. ಬಾಲದ ಗೂಡಿನಲ್ಲಿ ಕೂತಿದ್ದ ಗೋರಾ ಸಿಪಾಯಿಯನ್ನು ನಾಲ್ವರು ಎತ್ತಿಕೊಂಡು ಹೋಗುತ್ತಿದ್ದರು. ಒಂದು ಕಾಲಿಗೆ ಬೂಟಿರಲಿಲ್ಲ. ಉಣ್ಣೆಯ ಕಾಲುಚೀಲದ ಹಿಮ್ಮಡಿಗೆ ಯಾರೋ ಮನೆಯಲ್ಲೇ ಹೊಲಿಗೆ ಹಾಕಿದ್ದರು. ಶಿವಪುತ್ರಪ್ಪ ಅದನ್ನೇ ನೋಡುತ್ತ ನಿಂತ.

ಯುದ್ಧದ ಆರನೆಯ ಚಳಿಗಾಲ. ಇಂಥ ಮಂಜನ್ನು ಅವನು ಲೋಣಾವಳಾದ ಘಾಟಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಪುಣೆಯ ಹೊರಗಿನ ಈ ಮೈದಾನದಲ್ಲಿ ವಿಮಾನಗಳು ಹಾರುವ ಮುಂಚೆ ನೆಲದ ಮೇಲೆ ಉರುಳಿಕೊಂಡು ಹೋಗುವ ದಾರಿಯೊಂದಿತ್ತು. ಅದರ ಅಂಚಿಗೆ ಸೀಮೆಎಣ್ಣೆ ದೀಪಗಳನ್ನು ಸಾಲಾಗಿ ಇಡುವುದು ಅವನ ಕೆಲಸ. ಬೈಲಹೊಂಗಲದ ಕಡೆಯ, ಗೋಡೆ ಕಟ್ಟುವ ಗೌಂಡಿ ಅವನು. ಈ ದಾರಿಗೆ ಕಾಂಕ್ರೀಟು ಹಾಕುವಾಗ ದಾರ ಹಿಡಿದವನೂ ಅವನೇ. ದೀಪವಿಟ್ಟ ಮೇಲೂ ಒಂದು ಕಣ್ಣು ಮುಚ್ಚಿ ಸಾಲು ನೋಡುವನು. ನಾಲ್ಕು ಬೆರಳು ಸರಿದಿದ್ದರೂ ಮತ್ತೆ ಹೋಗಿ ಸರಿಪಡಿಸುವನು.

"ವಿಮಾನ ಏನು ನಿನ್ನ ಗ್ವಾಡಿ ಮ್ಯಾಲ ಏರತಾವೇನೋ?" ಎಂದು ಮೆಕ್ಯಾನಿಕ್ ದಿಗಂಬರ ನಗುತ್ತಿದ್ದ.

"ಸೊಟ್ಟ ಸಾಲು ಕಂಡ್ರ ನನಗ ಕೂಳು ಇಳಿಯಂಗಿಲ್ರಿ, ರಾಯರ."

ಬೆಳಿಗ್ಗೆ ಎಂಟು ಗಂಟೆಗೆ ಸಾಹೇಬನ ಕೋಣೆಯಲ್ಲಿ ದಿಗಂಬರನ ವಿಚಾರಣೆ. ಕಾರಕೂನ ಬಿಂದುಮಾಧವರಾಯರು ನಡುವೆ ನಿಂತು ಎರಡೂ ಕಡೆಗೆ ಮಾತು ತಿಳಿಸುತ್ತಿದ್ದರು. ಶಿವಪುತ್ರಪ್ಪ ಬಾಗಿಲಲ್ಲಿದ್ದ.

"ಮುಂದಿನ ವಿಮಾನದ ಇಂಜಿನ್ ಬಂದ್ ಬಿತ್ರಿ," ಎಂದ ದಿಗಂಬರ. "ಕೆಂಪು ಕಂದೀಲು ಸಿಗಲಿಲ್ಲ. ಹಿಂದ ಬರೋ ವಿಮಾನ ನಿಲ್ಲಲಿ ಅಂತ ಸಾಲಿನ್ಯಾಗಿನ ಒಂದು ದೀಪ ಎತ್ತಿ, ಹಿಂದ ಇಪ್ಪತ್ತು ಮಾರು ದೂರ, ದಾರಿ ನಟ್ಟನಡುವ ಇಟ್ಟು, ಎಳಿಯೋ ಗಾಡಿ ತರಲಿಕ್ಕೆ ಓಡಿದೆ."

ದಾರಿಯ ನಡುವೆ ನಿಂತಿದ್ದ ಆ ದೀಪವನ್ನು ಶಿವಪುತ್ರಪ್ಪ ಆ ಸದ್ದಿಗೆ ಮುಂಚೆಯೇ ನೋಡಿದ್ದ. ಸಾಲಿನಲ್ಲಿ ಅದರ ಜಾಗ ಖಾಲಿಯಿತ್ತು. ಯಾವನೋ ಲಾರಿಯವನ ಪುಂಡಾಟವೆಂದು ಬೈಯುತ್ತ ಅದನ್ನು ಎತ್ತಿ ಅದರ ಜಾಗಕ್ಕೆ ಸೇರಿಸಿದ್ದ. ಒಂದು ಕಣ್ಣು ಮುಚ್ಚಿ ನೋಡಿಯೂ ಇದ್ದ. ಮುಂದೆ ಸದ್ದಿಲ್ಲದೆ ನಿಂತಿದ್ದ ವಿಮಾನ ಮಂಜಿನಲ್ಲಿ ಕಂಡಿರಲಿಲ್ಲ.

"ನಡುವ ದೀಪ ಇರಲೇ ಇಲ್ಲಂತ ಹಿಂದಿನ ಪೈಲಟ್ ಹೇಳ್ಯಾನ," ಎಂದರು ಬಿಂದುಮಾಧವರಾಯರು. "ಸಾಲು ನೆಟ್ಟಗಿತ್ತು, ದಾರಿ ಖುಲ್ಲಾ ಅದ ಅಂತ ಬಂದೆ ಅಂತಾನ. ಬಾಲದಾಗ ಕೂತಿದ್ದ ಆ ಹುಡುಗ ದವಾಖಾನಿ ಮುಟ್ಟೂದರಾಗ ಹೋದ, ದಿಗಂಬರ. ಇದು ಕೋರ್ಟಿಗೆ ಹೋಗತದ. ಖರೇ ಹೇಳು."

"ಇಟ್ಟೇನ್ರಿ..." ದಿಗಂಬರ ತನ್ನ ಕೈಗಳನ್ನು ನೋಡಿಕೊಂಡ. "ಎತ್ತಿದ್ದು ನೆನಪದ. ಇಟ್ಟಿದ್ದು... ಇಟ್ಟಿದ್ನಲ್ಲಾ? ಗಡಿಬಿಡಿಯಾಗ ಏನು ಮಾಡಿದೆನೋ, ದೇವರ!"

ಸಾಹೇಬ ತಪ್ಪೊಪ್ಪಿಗೆಯ ಕಾಗದ ಮುಂದಕ್ಕೆ ತಳ್ಳಿದ. ದಿಗಂಬರ ಸಹಿ ಹಾಕಲು ಟಾಕು ತೆಗೆದುಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಮಂಜಿನಲ್ಲಿ ತನ್ನನ್ನು ಯಾರೂ ಕಂಡಿಲ್ಲ ಎಂಬುದು ಶಿವಪುತ್ರಪ್ಪನಿಗೆ ಗೊತ್ತಿತ್ತು. ಮನೆಯಲ್ಲಿ ಹೆಂಡತಿ ಪಾರವ್ವ ಒಬ್ಬಳೇ. ತಾನು ಜೈಲಿಗೆ ಹೋದರೆ ಅವಳಿಗೆ ಈ ಊರಲ್ಲಿ ಯಾರಿದ್ದಾರೆ?

"ಆ ದೀಪ ನಾ ತಗದೇನ್ರಿ," ಎಂದುಬಿಟ್ಟ. ದನಿ ತನ್ನದಲ್ಲ ಅನ್ನಿಸಿತು. "ಸಾಲು ತಪ್ಪೇದಂತ ಎತ್ತಿ ಅಂಚಿಗಿಟ್ಟೆ."

ಬಿಂದುಮಾಧವರಾಯರು ಕನ್ನಡಕ ತೆಗೆದರು. "ಹುಚ್ಚಪ್ಪಾ, ಇದನ್ನ ನಾ ಇಂಗ್ಲಿಷಿನ್ಯಾಗ ಹೇಳಿದ್ರ ನಿನ್ನನ್ನ ಒಯ್ತಾರ. ತಿಳೀತೇನು? ಒಮ್ಮೆ ಹೇಳಿದ್ರ ತಿರುಗಿ ತಗೊಳ್ಳಾಕ ಬರಂಗಿಲ್ಲ."

"ಹೇಳ್ರಿ."

ಬಿಂದುಮಾಧವರಾಯರು ಸಾಹೇಬನ ಕಡೆ ತಿರುಗಿ ನಿಧಾನವಾಗಿ ಶುರುಮಾಡಿದರು. ದಿಗಂಬರ ಬಂದು ಶಿವಪುತ್ರಪ್ಪನ ರಟ್ಟೆ ಹಿಡಿದ. ಹೊಡೆಯುತ್ತಾನೆಂದೇ ಶಿವಪುತ್ರಪ್ಪ ಕಣ್ಣು ಮುಚ್ಚಿದ. ದಿಗಂಬರ ಹೊಡೆಯಲಿಲ್ಲ, ಹತ್ತಿರ ಬಗ್ಗಿ ಕೇಳಿದ.

"ಹಂಗಾದ್ರ ನಾ ಇಟ್ಟಿದ್ದೆ? ಖರೇನ ಇಟ್ಟಿದ್ನೇನೋ?"

"ಇಟ್ಟಿದ್ರಿ, ರಾಯರ. ನಟ್ಟನಡುವ ಇತ್ತು. ಭಾಳ ಚಲೋ ಉರೀತಿತ್ತು."