ಬಾಗಿಲಿಗೆ ಬೆನ್ನು ಹಾಕಿದ ದಫೇದಾರ

ನಮ್ಮ ಮನೆಯ ದಫೇದಾರ ಒಂದು ದಿಂಬಿನಷ್ಟು ಭಾರ ಇದ್ದಾನು, ಅಷ್ಟೇ. ಬಿಳಿ ಮೈ, ಕಂದು ಕಿವಿ, ಗೇಣುದ್ದವೂ ಇಲ್ಲದ ಕಾಲು. ಜಂಬ ಮಾತ್ರ ಹೇಳತೀರದು. ಬೀದಿಯಲ್ಲಿ ಕರುವಿನಷ್ಟು ಎತ್ತರದ ನಾಯಿ ಎದುರಾದರೂ ನನ್ನ ಕಾಲಿನ ಮುಂದೆ ಬಂದು ನಿಂತು, ಕೂದಲು ನಿಮಿರಿಸಿ, "ಬಾ ನೋಡೋಣ" ಎನ್ನುವ ಜಾತಿ. ಜನ ನಗುತ್ತಾರೆ. ನಗಲಿ, ಅವರ ಗಂಟೇನು ಹೋಗಬೇಕು? ದೊಡ್ಡ ನಾಯಿಗೆ ತಾನು ದೊಡ್ಡದೆಂದು ಗೊತ್ತು, ಆರಾಮಾಗಿ ಬಿದ್ದುಕೊಂಡಿರುತ್ತದೆ. ಪುಟ್ಟದಕ್ಕೆ ಆ ಪುರುಸೊತ್ತು ಎಲ್ಲಿ? ಲೋಕವೆಲ್ಲ ತನ್ನವರ ಮೇಲೆ ಬೀಳಲು ಬರುತ್ತಿದೆ ಎಂದೇ ಅದರ ಲೆಕ್ಕ.

ನಾನು ಬಟ್ಟೆ ರಿಪೇರಿ ಮಾಡುವವಳು. ಹೊಸದು ಹೊಲಿಯುವುದಿಲ್ಲ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಅಸ್ತರು ಬದಲಿಸುವುದು, ಕಿತ್ತುಹೋದ ಜಿಪ್ಪು ಹಾಕುವುದು, ದಪ್ಪಗಾದವರಿಗೆ ಬಿಚ್ಚುವುದು, ಸೊರಗಿದವರಿಗೆ ಹಿಡಿಯುವುದು. ದಪ್ಪಗಾದವರೆಲ್ಲ "ಒಗೆದಾಗ ಬಟ್ಟೆ ಚಿಕ್ಕದಾಯ್ತು" ಎನ್ನುತ್ತಾರೆ. ನಾನೂ ಹೌದು ಹೌದು ಎನ್ನುತ್ತೇನೆ, ನನಗೇನು ಕಷ್ಟ. ಮುಂದಿನ ಕೋಣೆಯಲ್ಲಿ ಮಷೀನು, ಹಿಂದಿನ ಕೋಣೆಯಲ್ಲಿ ಮಂಚ, ಒಲೆ, ನಾನು, ದಫೇದಾರ. ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಇರುವವಳು ಒಬ್ಬಳೇ ತಂಗಿ.

ನನಗೆ ಕಿವಿ ಕೇಳುವುದಿಲ್ಲ. ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ, ಆಗ ಸತ್ತರೂ ಹೇಳುತ್ತಿರಲಿಲ್ಲ. ಮೊದಲು ದೂರದ ಸದ್ದುಗಳು ಹೋದವು, ಆಮೇಲೆ ಹೆಂಗಸರ ದನಿ, ಕೊನೆಗೆ ನನ್ನ ಮಷೀನಿನ ಸದ್ದೇ ಹೋಯಿತು. ಪಾದಕ್ಕೆ ತಟ್ಟುವ ಅದುರಿನಿಂದಲೇ ಅದು ಓಡುತ್ತಿದೆ ಎಂದು ತಿಳಿಯುತ್ತಿದ್ದೆ. ಗಿರಾಕಿಗೆ ಗೊತ್ತಾಗಬಾರದಲ್ಲ? ಕಿವುಡಿ ಅಂದರೆ ಅಳತೆ ತಪ್ಪು ಕೇಳಿಸಿಕೊಂಡು ಬಟ್ಟೆ ಹಾಳು ಮಾಡುತ್ತಾಳೆ ಎಂದೇ ಜನರ ಎಣಿಕೆ. ಅದಕ್ಕೇ ಗಿರಾಕಿ ಬಾಯಿ ತೆಗೆಯುವ ಮೊದಲೇ ನನ್ನ ಬಾಯಿಗೆ ನಾಲ್ಕು ಗುಂಡುಪಿನ್ನು ಸೇರುತ್ತಿದ್ದವು. ತುಟಿಯಲ್ಲಿ ಪಿನ್ನು ಕಚ್ಚಿಕೊಂಡವಳಿಂದ ಯಾರೂ ಮಾತು ಬಯಸುವುದಿಲ್ಲ, "ಹ್ಞೂ" ಎಂದರೆ ಸಾಕು. "ಎಲ್ಲಿ ಹಿಡೀಬೇಕು, ಬೆರಳಿಟ್ಟು ತೋರಿಸಿ" ಎಂದು ಪಿನ್ನಿನ ಸಂದಿಯಲ್ಲೇ ಹೇಳಿದರೆ ತೋರಿಸುತ್ತಾರೆ. ಉಳಿದದ್ದು ತುಟಿ ನೋಡಿ ತಿಳಿಯುತ್ತಿದ್ದೆ. "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂಬ ಮಾತನ್ನು ನಾನು ಯಾರಿಗೂ ಆಡಿದವಳಲ್ಲ.

ಬಾಗಿಲ ಕಡೆಯ ಕೆಲಸ ದಫೇದಾರನದು. ಪೋಸ್ಟಿನವನಿಗೆ ಒಂದು ರೀತಿ, ಸಾಮಾನು ತಂದುಕೊಡುವ ಹೆಲ್ಮೆಟ್ಟಿನವರಿಗೆ ಇನ್ನೊಂದು ರೀತಿ. ಮಹಡಿಯ ಮೇಲಿನ ನರ್ಸಮ್ಮನಿಗೆ ಬಾಲದ ತುದಿ ಮಾತ್ರ. ಅಪರಿಚಿತ ಹೆಜ್ಜೆಯಾದರೆ ನೆಟ್ಟಗೆ ನಿಂತು ನಡು ಬಿಗಿದು ಬೊಗಳುತ್ತಿದ್ದ. ನಾನು ಅವನ ಮೈ ನೋಡಿ, ಕೈ ಬಾಗಿಲು ಮುಟ್ಟುವ ಮೊದಲೇ "ಬನ್ನಿ, ಒಳಗೆ ಬನ್ನಿ" ಎನ್ನುತ್ತಿದ್ದೆ. "ಅಬ್ಬಾ, ಈ ವಯಸ್ಸಿನಲ್ಲೂ ನಿಮ್ಮ ಕಿವಿ ಎಷ್ಟು ಚುರುಕು!" ಎನ್ನುತ್ತಿದ್ದರು ಜನ. ನಾನು ಪಿನ್ನು ಕಚ್ಚಿಕೊಂಡೇ ನಗುತ್ತಿದ್ದೆ.

ಇವನನ್ನು ಮರಿಯಾಗಿದ್ದಾಗ ತಂದುಕೊಟ್ಟವಳು ತಂಗಿಯೇ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಗಂಡ ಬಿಟ್ಟುಹೋದ ಮೇಲೆ ಅವಳೂ ಒಂಟಿ. "ನಿನ್ ಜೊತೆಗೆ ಇರ್ಲಿ ತಗೋ, ನಿನ್ ಮೂಗಿನ ತುದಿ ಸಿಟ್ಟಿಗೆ ಇವನೇ ಸರಿ" ಎಂದು ಮಡಿಲಿಗೆ ಹಾಕಿ ಹೋಗಿದ್ದಳು. ವಾರಕ್ಕೊಮ್ಮೆ ಬರುತ್ತಿದ್ದಳು. ಜಗಳ ಆದದ್ದು ಎರಡು ವರ್ಷದ ಹಿಂದೆ. ಗಿರಾಕಿಯೊಬ್ಬರು ಕೋಟು ಹಾಕಿಕೊಂಡು ನಿಂತಿದ್ದಾಗ ತಂಗಿ ಅವರ ಎದುರೇ, "ಸ್ವಲ್ಪ ಜೋರಾಗಿ ಹೇಳಿ, ನಮ್ಮಕ್ಕಂಗೆ ಕಿವಿ ಮಂದ" ಎಂದುಬಿಟ್ಟಳು. ತುಟಿ ಕಂಡಿತು ನನಗೆ. ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ದಫೇದಾರನ ಕತ್ತು ಬಾಗಿಲಿಗೆ ಹೊರಳಿತು, ಪೋಸ್ಟಿನವನ ರೀತಿಯಲ್ಲಿ. ನಾನು ತಂಗಿಗೆ ಬೆನ್ನು ಮಾಡಿಕೊಂಡೇ, "ಪೋಸ್ಟು ಬಂತು, ಹೋಗಿ ತಗೋ" ಎಂದೆ. ಬಂದವನು ಅವನೇ! ತಂಗಿಯ ಮುಖ ನೋಡಬೇಕಿತ್ತು.

"ಯಾರೇ ಕಿವುಡಿ? ನಿನಗಿಂತ ಚೆನ್ನಾಗಿ ಕೇಳುತ್ತೆ ನನಗೆ. ನನ್ನ ಹೊಟ್ಟೆ ಮೇಲೆ ಹೊಡಿಯೋಕೆ ಬಂದ್ಯಾ? ನಡಿ ಆಚೆ!" ಎಂದು ಕೂಗಿದೆ. ನನ್ನ ದನಿ ಏರಿದ್ದೇ ತಡ, ದಫೇದಾರ ಹಾರಿ ತನ್ನನ್ನು ಎತ್ತಿ ತಂದವಳ ಹಿಮ್ಮಡಿಗೇ ಬಾಯಿ ಹಾಕಿದ. ರಕ್ತ ಬಂತು. ತಂಗಿ ಕುಂಟುತ್ತ ಹೋದಳು. ಮತ್ತೆ ಬರಲಿಲ್ಲ.

ನಾನೂ ಹೋಗಲಿಲ್ಲ. ಹಟ. ಹಟ ಅಂದರೆ ಏನೆಂದು ಒಂಟಿಯಾಗಿದ್ದವರಿಗೇ ಗೊತ್ತು. ಮಾತಾಡಿಸುವವರಿಲ್ಲದ ಮನೆಯಲ್ಲಿ ಅದೊಂದೇ ಬಿಸಿಯಾಗಿ ಉಳಿಯುವುದು. ಊಟಕ್ಕೆ ಕೂತಾಗ ಎದುರಿನ ಗೋಡೆಗೆ ತಂಗಿಯ ಮೇಲಿನ ದೂರೆಲ್ಲ ಹೇಳುತ್ತಿದ್ದೆ. ದಫೇದಾರ ನನ್ನ ಬಾಯನ್ನೇ ನೋಡುತ್ತ ಕೂತಿರುತ್ತಿದ್ದ. ಅವಳು ಬೇಕು ನನಗೆ ಎಂದು ಮಾತ್ರ ಗೋಡೆಗೂ ಹೇಳಲಿಲ್ಲ.

ಮೊನ್ನೆ ಮೊನ್ನೆ ನರ್ಸಮ್ಮ ಬಂದು ಹೇಳಿದಳು. ಅವಳ ಮಾತು ಓದುವುದು ಸುಲಭ. ನರಳುವವರ ಜೊತೆ ಮಾತಾಡಿ ಮಾತಾಡಿ, ಒಂದೊಂದು ಪದವನ್ನೂ ಬಿಡಿಸಿ ಆಡುತ್ತಾಳೆ.

"ನಿಮ್ಮ ತಂಗಿ ಸಿಕ್ಕಿದ್ಲು ಅಕ್ಕಾ. ಭಾನುವಾರ ಮಧ್ಯಾಹ್ನ ಬರ್ಲಾ ಅಂತ ಕೇಳಿದ್ಲು. ಅಕ್ಕ ಬಾಗಿಲು ತೆಗೀತಾಳೋ ಇಲ್ವೋ ಅಂತ ಭಯ ಅವಳಿಗೆ."

"ತೆಗೀದೆ ಏನ್ ಮಾಡ್ಲಿ? ತೆಗೀತೀನಿ ಅಂತ ಹೇಳು" ಎಂದೆ.

ಭಾನುವಾರ ಅಂಗಡಿ ರಜೆ, ಬಾಗಿಲಿಗೆ ಚಿಲಕ. ಚಳಿಗಾಳಿ ಬರುತ್ತದೆಂದು ಬಾಗಿಲ ಕೆಳಗಿನ ಸಂದಿಗೆ ಚೂರುಬಟ್ಟೆ ತುರುಕಿದ ಉದ್ದನೆಯ ದಿಂಬು ಹೊಲಿದು ಇಟ್ಟಿದ್ದೆ. ಅವಳಿಗೆ ಇಷ್ಟದ ಬಿಸ್ಕತ್ತು ತಂದಿಟ್ಟೆ. ತಲೆ ಬಾಚಿಕೊಂಡೆ. ಸುಮ್ಮನೆ ಕೂರಲಾಗದೆ ಯಾವುದೋ ಪರದೆ ಹಿಡಿದು ಮಷೀನಿಗೆ ಕೂತೆ. ದಫೇದಾರ ನನ್ನ ಪಾದದ ಮೇಲೆ ಬಂದು ಬಿದ್ದುಕೊಂಡ. ಈಚೆಗೆ ಅವನಿಗೆ ಅದೇ ಚಾಳಿಯಾಗಿತ್ತು, ಬಾಗಿಲಿಗೆ ಬೆನ್ನು ಹಾಕಿ ನನ್ನ ಮುಖ ನೋಡುತ್ತ ಮಲಗುವುದು. ನನ್ನ ಸಂಕಟ ಗೊತ್ತಾಗಿದೆ ಪಾಪ, ಎಂದುಕೊಂಡೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನ ಮೈ ನೋಡುತ್ತ ಕಾದೆ. ಒಂದೆರಡು ಸಲ ನಾನು ತಡೆಯಲಾರದೆ ತಲೆಯೆತ್ತಿ ಬಾಗಿಲು ನೋಡಿದಾಗ ಅವನೂ ಎದ್ದು ಬೊಗಳಿದ. ಓಡಿಹೋಗಿ ತೆಗೆದೆ. ಮೆಟ್ಟಿಲು ಖಾಲಿ. "ಏನೋ ನಿಂದು, ಇತ್ತೀಚೆಗೆ ಬರೀ ಸುಳ್ಳು ಬೊಗಳ್ತೀಯ" ಎಂದು ಗದರಿಸಿ ಮತ್ತೆ ಕೂತೆ. ಹೊತ್ತು ಇಳಿಯಿತು. ಕಿಟಕಿಯ ಬೆಳಕು ಬಟ್ಟೆಯ ಮೇಲಿಂದ ಸರಿದು ಗೋಡೆ ಹತ್ತಿತು. ಅವಳು ಬರಲಿಲ್ಲ. ಬಿಸ್ಕತ್ತಿನ ಪೊಟ್ಟಣ ಬಿಚ್ಚಲೇ ಇಲ್ಲ. ನನ್ನನ್ನು ಇಡೀ ದಿನ ಕಾಯಿಸಿ ಸೇಡು ತೀರಿಸಿಕೊಂಡಳು ಎಂದುಕೊಂಡೆ, ಬಾಯಿಗೆ ಬಂದಂತೆ ಬೈದೆ, ಆಮೇಲೆ ಪರದೆಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ದಫೇದಾರ ಮೊಣಕಾಲು ನೆಕ್ಕಿದ.

ಸೋಮವಾರ ಬೆಳಿಗ್ಗೆ ನರ್ಸಮ್ಮ ಡ್ಯೂಟಿ ಮುಗಿಸಿ ಬಂದವಳು ನೇರ ನನ್ನ ಮುಂದೆ ನಿಂತಳು. ಮುಖ ಗಂಟಾಗಿತ್ತು.

"ಯಾಕಕ್ಕಾ ಹಿಂಗ್ ಮಾಡಿದ್ರಿ?"

"ನಾನೇನ್ ಮಾಡ್ದೆ?"

"ನಾನು ಮೆಟ್ಟಿಲ ಮೇಲಿದ್ದೆ. ಎಷ್ಟೊಂದು ಹೊತ್ತು ಬಾಗಿಲು ತಟ್ಟಿದ್ಲು. ಅಕ್ಕಾ ಅಕ್ಕಾ ಅಂತ ಕರೆದ್ಲು. ಒಳಗೆ ನಿಮ್ಮ ಮಷೀನು ಓಡ್ತಾನೇ ಇತ್ತು! ಅಕ್ಕ ತಂಗಿ ಜಗಳ, ನಾನ್ಯಾಕೆ ತಲೆ ಹಾಕ್ಲಿ ಅಂತ ಸುಮ್ನಿದ್ದೆ. ಹೋಗ್ತಾ ಏನಂದ್ಲು ಗೊತ್ತಾ? 'ಅವಳ ಕಿವಿ ನನಗೆ ಗೊತ್ತಿಲ್ವಾ, ಹೆಜ್ಜೆ ಕೇಳೇ ಬಾಗಿಲು ತೆಗೆಯೋಳು. ಬೇಡ ಅಂತಾನೇ ತೆಗೀಲಿಲ್ಲ' ಅಂದ್ಲು. ಅಳ್ತಾ ಹೋದ್ಲು."

ಹೇಳಿ ಅವಳು ಮೇಲೆ ಹೋದಳು. ತಟ್ಟಿದಳೇ? ಹಾಗಾದರೆ ಈ ಹಾಳಾದವನು ಯಾಕೆ ಬೊಗಳಲಿಲ್ಲ? ದಫೇದಾರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ನನಗೆ ಏನೋ ಹೊಳೆಯಿತು, ಹೊಳೆದದ್ದು ಬೇಡವಾಗಿತ್ತು. ಕಪಾಟಿನ ಮೇಲಿಂದ ಗುಂಡಿಗಳ ದೊಡ್ಡ ತಗಡಿನ ಡಬ್ಬಿ ತೆಗೆದು, ಅವನ ಬೆನ್ನ ಹಿಂದೆ ನಿಂತು, ತಲೆಯ ಮೇಲಿನವರೆಗೆ ಎತ್ತಿ ಕೈಬಿಟ್ಟೆ. ಮುಚ್ಚಳ ಹಾರಿತು. ಗುಂಡಿಗಳು ಕೋಣೆ ತುಂಬ ಚೆಲ್ಲಾಡಿದವು, ಒಂದು ಹೋಗಿ ಅವನ ಬಾಲದ ಪಕ್ಕ ನಿಂತಿತು. ಅವನ ಹೊಟ್ಟೆ ನಿಧಾನವಾಗಿ ಏರುತ್ತ ಇಳಿಯುತ್ತ ಇತ್ತು. ಒಂದು ಕಿವಿಯೂ ಅಲ್ಲಾಡಲಿಲ್ಲ.

ನೆಲದ ಮೇಲೆ ನೆರಳು ಬಿದ್ದಾಗ ತಿರುಗಿದೆ. ನರ್ಸಮ್ಮ ಏದುಸಿರು ಬಿಡುತ್ತ ಬಾಗಿಲಲ್ಲಿದ್ದಳು, ಕಾಲಲ್ಲಿ ಒಂದೇ ಚಪ್ಪಲಿ. ಸದ್ದಿಗೆ ಹೆದರಿ ಓಡಿಬಂದಿದ್ದಳು. ಗುಂಡಿಗಳ ನಡುವೆ ನಿದ್ದೆ ಮಾಡುತ್ತಿದ್ದ ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಇಬ್ಬರಿಗೂ ಕೇಳಲ್ವಾ?" ಎಂದಳು.

ನಾನು ತಲೆಯಾಡಿಸಿದೆ. ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಇಷ್ಟು ತಿಂಗಳಿಂದ ನಾನು ತಲೆಯೆತ್ತಿದರೆ ಅವನು ಬೊಗಳುತ್ತಿದ್ದ, ಅವನು ಬೊಗಳಿದರೆ ನಾನು ಬಾಗಿಲು ತೆಗೆಯುತ್ತಿದ್ದೆ. ಅವನಿಗೆ ಗೊತ್ತಿದೆ ಎಂದು ನಾನು, ನನಗೆ ಗೊತ್ತಿದೆ ಎಂದು ಅವನು. ಬಾಗಿಲು ಕಾಯುವುದು ಕೈಲಾಗದೆ ಹೋದಾಗ ಪಾಪದ ಜೀವ ನನ್ನ ಮುಖ ಕಾಯುತ್ತ ಕೂತಿತ್ತು. ನಮ್ಮಿಬ್ಬರ ಜಾಣತನದ ಆಚೆ ನನ್ನ ತಂಗಿ ಬಾಗಿಲು ತಟ್ಟುತ್ತ ನಿಂತಿದ್ದಳು.

ನರ್ಸಮ್ಮ ಫೋನು ಹಚ್ಚಿದಳು. ತಂಗಿ ತೆಗೆಯಲಿಲ್ಲ. "ಬಿಡು, ನಾನೇ ಹೋಗ್ತೀನಿ. ಇದು ನನ್ನ ಬಾಯಿಂದ್ಲೇ ಹೋಗ್ಬೇಕು" ಎಂದೆ.

ಸಂಜೆ ದಫೇದಾರನನ್ನು ಬಟ್ಟೆಚೀಲದಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ಪಕ್ಕಕ್ಕೆ ಕೂರಲು ಬಂದ ಪುಣ್ಯಾತ್ಮನಿಗೆ ಚೀಲದೊಳಗಿಂದಲೇ ಹಲ್ಲು ತೋರಿಸಿದ. ಆತ ಪಾಪ ದಾರಿಯುದ್ದಕ್ಕೂ ನಿಂತೇ ಬಂದ. ಕಿವಿ ಹೋದರೂ ಗತ್ತು ಹೋಗಿಲ್ಲ, ಥೇಟ್ ನನ್ನ ಹಾಗೇ. ಬಸ್ಸಿನ ತುಂಬ ಬಾಯಿಗಳು ಆಡುತ್ತಿದ್ದವು. ಒಂದರ ಮಾತೂ ನನಗಲ್ಲ. ತಂಗಿಯೂ ಬೇಡವೆಂದರೆ ಇನ್ನು ಇಷ್ಟೇ ನನ್ನ ಬದುಕು ಎಂದು ಗೊತ್ತಾಗಿ ಚೀಲ ಅವಚಿಕೊಂಡೆ.

ತಂಗಿಯ ಮನೆ ಮೂರನೇ ಮಹಡಿ. ಉದ್ದನೆಯ ಓಣಿಯಂಥ ಜಗಲಿ, ಎರಡೂ ಕಡೆ ಬಾಗಿಲುಗಳು. ಬೆಲ್ ಒತ್ತಿದೆ. ಸದ್ದಾಯಿತೋ ಇಲ್ಲವೋ ಯಾರಿಗೆ ಗೊತ್ತು? ಮತ್ತೆ ಒತ್ತಿದೆ. ಕೈಯಿಂದ ತಟ್ಟಿದೆ. ಒಳಗಿಂದ "ಬಂದೆ" ಅಂದಳೋ, "ಹೋಗು" ಅಂದಳೋ, ಮನೆಯಲ್ಲೇ ಇಲ್ಲವೋ. ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ಹೇಗಿರುತ್ತದೆಂದು ಆಗ ತಿಳಿಯಿತು. ನಿನ್ನೆ ಅವಳು ಹೀಗೇ ನಿಂತಿದ್ದಳು.

ದಫೇದಾರನನ್ನು ಕೆಳಗಿಳಿಸಿದೆ. ಮೊದಲು ಜಗಲಿಯ ಕಡೆ ಮುಖ ಮಾಡಿ, ನನ್ನ ಕಾಲಿಗೆ ಒರಗಿ ಕಾವಲು ನಿಂತ. ಆಮೇಲೆ ಮೂಗು ಅಲ್ಲಾಡಿತು. ತಿರುಗಿದ. ಬಾಗಿಲ ಕೆಳಗಿನ ಸಂದಿಗೆ ಮೂತಿ ತುರುಕಿ ಎಳೆದು ಎಳೆದು ಮೂಸಿದ. ಬಾಲ ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು, ಆಮೇಲೆ ಇಡೀ ಹಿಂಭಾಗವೇ ಕುಣಿಯತೊಡಗಿತು. ಅವಳು ಅಲ್ಲೇ ಇದ್ದಳು, ಬಾಗಿಲ ಆಚೆ, ನನ್ನಿಂದ ಒಂದು ಹಲಗೆ ದೂರ. ತೆಗೆಯುತ್ತಿರಲಿಲ್ಲ.

ಬಾಗಿಲಿಗೆ ಅಂಗೈ ಒತ್ತಿ ಹೇಳಿದೆ. "ನನಗೆ ಕಿವಿ ಕೇಳಲ್ಲ ಕಣೇ! ನೀನು ಹೇಳಿದ್ದೇ ನಿಜ. ಪೋಸ್ಟು ಬಂದಿದ್ದು ನನಗೆ ಕೇಳಿಸ್ಲಿಲ್ಲ, ನಾಯಿ ನೋಡಿ ಹೇಳ್ದೆ. ಈಗ ಅವನಿಗೂ ಕೇಳಲ್ಲ. ನಿನ್ನೆ ಇಡೀ ದಿನ ನಿನಗೋಸ್ಕರ ತಲೆ ಬಾಚ್ಕೊಂಡು ಕೂತಿದ್ದೆ. ನೀನು ತಟ್ಟಿದ್ದು ನಮ್ಮಿಬ್ಬರಿಗೂ ಗೊತ್ತೇ ಆಗ್ಲಿಲ್ಲ ಕಣೇ!"

ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ಜಗಲಿಯ ಎಲ್ಲ ಬಾಗಿಲುಗಳೂ ತೆರೆದಿದ್ದವು. ಸೌಟು ಹಿಡಿದವರು, ಟವೆಲ್ಲು ಸುತ್ತಿಕೊಂಡವರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಪಿನ್ನು ಕಚ್ಚಿ ಮುಚ್ಚಿಟ್ಟದ್ದನ್ನು ಊರಿಗೆಲ್ಲ ಸಾರಿದ್ದೆ. ತೆರೆಯದೆ ಉಳಿದದ್ದು ಒಂದೇ ಬಾಗಿಲು.

ದಫೇದಾರ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲು ತೆರೆಯಿತು. ತಂಗಿಯ ಕೂದಲು ಬೆಳ್ಳಗಾಗಿತ್ತು. ದಫೇದಾರ ಅವಳ ಹಿಮ್ಮಡಿಯ ಹಳೆಯ ಕಲೆಯನ್ನು ಮೂಸಿ, ಅವಳ ಪಾದದ ಮೇಲೆ ಕೂತ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳುತ್ತಲೇ ಏನೋ ಹೇಳಿದಳು. ತುಟಿ ಕಾಣಲಿಲ್ಲ. ಅಭ್ಯಾಸಬಲದಿಂದ "ಹ್ಞೂ" ಎನ್ನಲು ಹೋದೆ, ತಡೆದುಕೊಂಡೆ. ಅವಳ ಕೈಯನ್ನು ಬಾಯಿಂದ ಸರಿಸಿದೆ.

"ಕೇಳಿಸ್ಲಿಲ್ಲ ಕಣೇ," ಎಂದೆ. "ಇನ್ನೊಂದ್ಸಲ ಹೇಳು."